ಕಾಂಟ್ರಾದ ಬಂದೂಕು ಬಿಸಿಯಾಯ್ತಂತೆ!

ಕಾಂಟ್ರಾ ಆಟದಲ್ಲಿ ಗುಂಡು ಖಾಲಿಯಾಗೋದಿಲ್ಲ. ಬಟನ್ ಒತ್ತಿದಷ್ಟೂ ಗುಂಡು. 1987ರಲ್ಲಿ ಕೊನಾಮಿ ಕಂಪನಿ ಅದನ್ನು ಕಾಸು ಹಾಕಿ ಆಡುವ ಆರ್ಕೇಡ್ ಯಂತ್ರಕ್ಕೆ ಮಾಡಿದಾಗಲೂ ಹಾಗೇ, ಮರುವರ್ಷ ಮನೆಯ ಟೀವಿಗೆ ಸಿಕ್ಕಿಸುವ ನಿಂಟೆಂಡೊಗೆ ತಂದಾಗಲೂ ಹಾಗೇ. 2019ರ ಸೆಪ್ಟೆಂಬರಿನಲ್ಲಿ ಅದೇ ಕೊನಾಮಿ ‘ಕಾಂಟ್ರಾ: ರೋಗ್ ಕೋರ್’ ಅಂತ ಹೊಸದೊಂದು ಬಿಟ್ಟಿತು. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್, ಸ್ವಿಚ್, ಪಿಸಿ, ಎಲ್ಲದಕ್ಕೂ. ಅದರಲ್ಲಿ ಸ್ವಲ್ಪ ಹೊತ್ತು ಒಂದೇ ಸಮ ಗುಂಡು ಹಾರಿಸಿದಿರೋ, ಬಂದೂಕು ಬಿಸಿಯಾಗಿ ನಿಂತುಬಿಡುತ್ತದೆ. ಬೇಸಿಗೆಯಲ್ಲಿ ನಮ್ಮ ತೋಟದ ಪಂಪ್‌ಸೆಟ್ ಮೋಟರ್ ನಿಲ್ಲುತ್ತಲ್ಲ, ಹಾಗೆ. ಆರೋವರೆಗೂ ಕಾಯಬೇಕು. ಎರಡನೇ ಬಂದೂಕು ಕೈಗೆ ತಗೋಬಹುದು, ಅದೂ ಬಿಸಿಯಾಗುತ್ತೆ. ಎದುರಿಗೆ ಹಿಂಡು ಹಿಂಡು ರಾಕ್ಷಸರು ಮೈಮೇಲೆ ಬರ್ತಿರ್ತಾರೆ, ನೀವು ಕಬ್ಬಿಣ ತಣ್ಣಗಾಗಲಿ ಅಂತ ಗೋಡೆ ಸುತ್ತ ಓಡಾಡ್ತಿರ್ತೀರಿ.

ಬಂದಾಗ ಎಲ್ಲರೂ ಬೈದರು. ಈಗ ನನ್ನ ಗೆಳೆಯರಲ್ಲೇ ಒಂದಿಬ್ಬರು ಹೊಸ ರಾಗ ತೆಗೆದಿದ್ದಾರೆ: ‘ಅಷ್ಟೇನೂ ಕೆಟ್ಟದಲ್ಲ ಗುರೂ, ಕಾಂಟ್ರಾ ಅನ್ನೋ ಹೆಸರು ಮರೆತು ಆಡು.’ ಸರಿ, ಯಾರಿಗೂ ಅನ್ಯಾಯ ಆಗೋದು ಬೇಡ ಅಂತ ಮತ್ತೆ ಹಾಕಿಕೊಂಡು ಎರಡು ವಾರಾಂತ್ಯ ಪೂರ್ತಿ ಆಡಿದೆ. ಹೆಸರು ಮರೆತೂ ಆಡಿದೆ, ನೆನಪಿಟ್ಟುಕೊಂಡೂ ಆಡಿದೆ. ಎರಡೂ ರೀತಿಯಲ್ಲಿ ಕೆಟ್ಟದಾಗಿದೆ. ಆದರೆ ಯಾಕೆ ಕೆಟ್ಟದು ಅಂತ ಅಭಿಮಾನಿಗಳು ಹೇಳ್ತಾರಲ್ಲ, ಆ ಕಾರಣಗಳು ಅದಕ್ಕಿಂತ ಪೊಳ್ಳು. ಮೊದಲು ಅವನ್ನ ಮುಗಿಸಿಬಿಡೋಣ.

‘ಪಕ್ಕದಿಂದ ನೋಡುವ ಆಟವನ್ನು ಮೇಲಿಂದ ನೋಡೋ ಹಾಗೆ ಮಾಡಿದ್ದೇ ತಪ್ಪು’ ಅನ್ನುವುದು ಒಂದು. ಅಲ್ಲ ಸ್ವಾಮಿ, ನೀವು ಆಡಿದ ಕಾಂಟ್ರಾ ಯಾವುದು? ಮೊದಲನೇ ಆಟದಲ್ಲೇ ಕಾಡು ಮುಗಿದು ಎರಡನೇ ಹಂತಕ್ಕೆ ಹೋದರೆ ನೋಟವೇ ಬದಲಾಗುತ್ತೆ, ಹೀರೋ ಬೆನ್ನ ಹಿಂದಿನಿಂದ ನೋಡಿಕೊಂಡು ಆಡಬೇಕು. 1992ರಲ್ಲಿ ಸೂಪರ್ ನಿಂಟೆಂಡೊಗೆ ಬಂದ ಮೂರನೇ ಕಾಂಟ್ರಾದಲ್ಲಿ ಮೇಲಿಂದ ನೋಡುವ ಹಂತಗಳೇ ಇವೆ, ಇಡೀ ನೆಲ ಗಿರಗಿರ ತಿರುಗುತ್ತೆ. 2004ರ ‘ನಿಯೊ ಕಾಂಟ್ರಾ’ ಬಹುಪಾಲು ಮೇಲಿಂದಲೇ. ಯಾರಿಗೂ ತಲೆ ಸುತ್ತಲಿಲ್ಲ.

‘ಹೊರಗಿನವರ ಕೈಗೆ ಕೊಟ್ಟು ಹಾಳಾಯ್ತು’ ಅನ್ನುವುದು ಇನ್ನೊಂದು. ಈ ಮಾತು 1996ರ ‘ಲೆಗಸಿ ಆಫ್ ವಾರ್’ಗೆ ಬೇಕಾದರೆ ಹೇಳಿ. ಅದನ್ನ ಕೊನಾಮಿ ಹಂಗೇರಿ ಮೂಲದ ಅಪಲೂಸಾ ಅನ್ನುವ ಸ್ಟುಡಿಯೊಗೆ ಗುತ್ತಿಗೆ ಕೊಟ್ಟಿತ್ತು. ಡಬ್ಬದ ಜೊತೆ ಕೆಂಪು-ನೀಲಿ ಕಾಗದದ ಕನ್ನಡಕ ಕೊಟ್ಟು 3ಡಿ ಅಂದಿದ್ದರು. ಎರಡು ವರ್ಷ ಬಿಟ್ಟು ಅವರೇ ಇನ್ನೊಂದು ಮಾಡಿದರು. ಎರಡನ್ನೂ ಬಿಡಿ. ರೋಗ್ ಕೋರ್‌ನ ಮುಂದಾಳು ಯಾರು ಗೊತ್ತಾ? ನೊಬುಯಾ ನಕಾಜಾಟೊ. ಅದೇ ಮೂರನೇ ಕಾಂಟ್ರಾ ಮಾಡಿದ, 1994ರಲ್ಲಿ ಮೆಗಾ ಡ್ರೈವ್‌ಗೆ ‘ಹಾರ್ಡ್ ಕೋರ್’ ಮಾಡಿದ, 2002ರಲ್ಲಿ ‘ಶಾಟರ್ಡ್ ಸೋಲ್ಜರ್’ ಮಾಡಿ ಸರಣಿಯ ಮರ್ಯಾದೆ ಉಳಿಸಿದ ಮನುಷ್ಯ. ಕೋಡ್ ಬರೆಯೋಕೆ ಟಾಯ್‌ಲಾಜಿಕ್ ಅನ್ನುವ ಸ್ಟುಡಿಯೊ ಇತ್ತು ನಿಜ, ಆದರೆ ಮನೆ ಯಜಮಾನನೇ ನಡುಮನೇಲಿ ನಿಂತಿದ್ದಾಗ ಕೂಲಿಯವರ ಮೇಲೆ ಹಾಕಿದ್ರೆ ಹೇಗೆ?

ಹಾಗಾದ್ರೆ ಕೆಟ್ಟಿದ್ದೆಲ್ಲಿ? ಅದಕ್ಕೆ ಹಳೇದು ಹೇಗೆ ಕೆಲಸ ಮಾಡುತ್ತೆ ಅಂತ ಸ್ವಲ್ಪ ಬಿಚ್ಚಿ ನೋಡಬೇಕು.

ಕಾಂಟ್ರಾ ಒಂದು ಕರಾರು. ನಿನಗೆ ಒಂದೇ ಏಟು, ಒಂದು ಗುಂಡು ತಾಗಿದರೂ ಜೀವ ಹೋಯ್ತು, ಕೈಯಲ್ಲಿದ್ದ ಒಳ್ಳೇ ಬಂದೂಕೂ ಹೋಯ್ತು. ಅದಕ್ಕೆ ಬದಲಾಗಿ ಎದುರಿನ ಸಿಪಾಯಿಗೂ ಒಂದೇ ಏಟು, ನಿನ್ನ ಗುಂಡಿಗೆ ಮಿತಿಯೇ ಇಲ್ಲ, ಮತ್ತೆ ನಿನ್ನ ಕಡೆ ಬರುವ ಪ್ರತಿಯೊಂದು ಗುಂಡೂ ಕಣ್ಣಿಗೆ ಕಾಣುತ್ತೆ. ಬಿಳಿ ಚುಕ್ಕೆ, ನಿಧಾನಕ್ಕೆ, ನೆಟ್ಟಗೆ ಬರುತ್ತೆ. ಸತ್ತಿರೋ, ಯಾಕೆ ಸತ್ತಿರಿ ಅಂತ ಆ ಕ್ಷಣವೇ ಗೊತ್ತು. ಹಾರಬೇಕಿತ್ತು, ಮಲಗಿದಿರಿ. ಇಷ್ಟೇ. ಬಗ್ ಹುಡುಕೋ ಕೆಲಸ ಮಾಡುವ ನನ್ನಂಥವನಿಗೆ ಇದಕ್ಕಿಂತ ಒಳ್ಳೇ ಎರರ್ ಮೆಸೇಜ್ ಕೊಡುವ ಪ್ರೋಗ್ರಾಂ ಸಿಕ್ಕಿಲ್ಲ.

ಇಬ್ಬರು ಆಡುವಾಗಂತೂ ಕರಾರು ಇನ್ನೂ ಬಿಗಿ. ಪರದೆ ಒಂದೇ. ಮೂರನೇ ಹಂತದ ಜಲಪಾತದಲ್ಲಿ ನೀಲಿ ಚಡ್ಡಿಯವನು ಅವಸರಪಟ್ಟು ಮೇಲೆ ಹತ್ತಿದರೆ ಪರದೆ ಮೇಲೆ ಸರಿಯುತ್ತೆ, ಕೆಳಗೆ ಉಳಿದ ಕೆಂಪು ಚಡ್ಡಿಯವನು ಸಾಯ್ತಾನೆ. ಶತ್ರು ಬೇಕಾಗೇ ಇಲ್ಲ. ಒಬ್ಬನ ಜೀವ ಎಲ್ಲ ಮುಗಿದರೆ ಇನ್ನೊಬ್ಬನ ಲೆಕ್ಕದಿಂದ ತೆಗೆದುಕೊಳ್ಳಬಹುದು. ಈ ಒಂದು ಸೌಲಭ್ಯದಿಂದ ಎಷ್ಟು ಅಣ್ಣತಮ್ಮಂದಿರು ಹೊಡೆದಾಡಿದ್ದಾರೋ ಲೆಕ್ಕ ಇಟ್ಟವರಿಲ್ಲ.

ಈಗ ಸಮಯದ ವಿಷಯಕ್ಕೆ ಬರ್ತೀನಿ. ನನಗೆ ನಿಜವಾಗಿ ಸಿಟ್ಟಿರೋದು ಇಲ್ಲೇ.

ನಮ್ಮ ಕಡೆ ಹಳ್ಳಿ ಹುಡುಗರಿಗೆ ಅಸಲಿ ನಿಂಟೆಂಡೊ ಯಾವತ್ತೂ ಸಿಗಲಿಲ್ಲ. ಸಿಕ್ಕಿದ್ದು ನಕಲಿ ಪೆಟ್ಟಿಗೆ. ಕ್ಯಾಸೆಟ್ಟಿನ ಮೇಲೆ 9999 ಆಟ ಅಂತ ಬರೆದಿರ್ತಿತ್ತು, ಒಳಗೆ ಹತ್ತಿಪ್ಪತ್ತು, ಉಳಿದದ್ದೆಲ್ಲ ಅವೇ ಮತ್ತೆ ಮತ್ತೆ. ಅದನ್ನಾದರೂ ಮನೇಲಿ ಯಾರು ಕೊಡಿಸ್ತಾರೆ? ತಿಪಟೂರಿಗೆ ಅಪ್ಪ ಕೊಬ್ಬರಿ ಹಾಕೋಕೆ ಹೋದ ದಿನ, ನಾವು ಬಸ್‌ಸ್ಟ್ಯಾಂಡ್ ಹಿಂದಿನ ವಿಡಿಯೋ ಗೇಮ್ ಅಂಗಡಿಗೆ. ಅರ್ಧ ಗಂಟೆಗೆ ಇಷ್ಟು ಅಂತ ದುಡ್ಡು. ಅಂಗಡಿಯಣ್ಣ ಗಡಿಯಾರ ನೋಡ್ತಾ ನಿಂತಿರ್ತಿದ್ದ. ಕಾಂಟ್ರಾದಲ್ಲಿ ಎಂಟು ಹಂತ, ಪಳಗಿದ ಕೈ ಆದ್ರೆ ಅರ್ಧ ಗಂಟೆ ಒಳಗೆ ಮುಗಿಯುತ್ತೆ. ಒಂದು ಬಾಡಿಗೆ ಹೊತ್ತಿನಲ್ಲಿ ಶುರುವಿನಿಂದ ಕೊನೆವರೆಗೆ ಹೋಗಿಬರಬಹುದು. ನಿಮ್ಮ ಕೈ ಸುಧಾರಿಸಿದ್ದಕ್ಕೆ ಆಟ ಕೊಡುವ ಬಹುಮಾನ ಏನು? ಬೇಗ ಮುಗಿಯೋದು! ಇದನ್ನ ಸ್ವಲ್ಪ ಯೋಚನೆ ಮಾಡಿ. ನೀವು ಜಾಣರಾದಷ್ಟೂ ಅದು ನಿಮ್ಮ ಹೊತ್ತನ್ನು ಕಮ್ಮಿ ತಗೊಳ್ಳುತ್ತೆ.

ರೋಗ್ ಕೋರ್‌ನಲ್ಲಿ ಇದು ಉಲ್ಟಾ. ಒಂದು ಹಂತ ಮುಗಿಸಿದರೆ ಬಂದೂಕಿನ ಬಿಡಿಭಾಗ ಕೊಡ್ತಾರೆ. ಅದನ್ನ ಜೋಡಿಸಿದರೆ ನಾಲ್ಕು ಪಾಯಿಂಟ್ ಜಾಸ್ತಿ. ಹೀರೋಗಳಿಗೆ ಆಪರೇಷನ್ ಮಾಡಿಸಿ ಅಂಗಾಂಗ ಬದಲಾಯಿಸೋದು ಬೇರೆ. ಅಷ್ಟು ಪಾಯಿಂಟ್ ಇಲ್ಲದೆ ಮುಂದಿನ ಹಂತಕ್ಕೆ ಹೋದರೆ ಎದುರಿನವರು ಹಿಟ್ಟಿನ ಮೂಟೆ ಥರ ಗುಂಡು ತಿಂತಾ ನಿಂತಿರ್ತಾರೆ. ನಿಮ್ಮ ಕೈಚಳಕಕ್ಕೆ ಅಲ್ಲಿ ಬೆಲೆ ಕಮ್ಮಿ. ಹಿಂದಕ್ಕೆ ಹೋಗಿ, ಅದೇ ಬೀದಿ ಮತ್ತೆ ಗುಡಿಸಿ, ಇನ್ನೊಂದು ಬಿಡಿಭಾಗ ತರಬೇಕು. ರಜಕ್ಕೆ ಬಂದಿದ್ದ ನನ್ನ ತಂಗಿ ಮಗ, ಹತ್ತು ವರ್ಷದವನು, ಪಕ್ಕದಲ್ಲಿ ಕೂತು ನೋಡಿ ನೋಡಿ ಕೇಳಿದ: ‘ಮಾವ, ಇದೇ ಜಾಗಕ್ಕೆ ಬೆಳಿಗ್ಗೇನೂ ಹೋಗಿದ್ದಲ್ವಾ?’ ಹೌದಪ್ಪ.

ಈ ರೋಗ ನನಗೆ ಗೊತ್ತು, ಯಾಕಂದ್ರೆ ನಾನು ಅದರಿಂದಲೇ ಸಂಬಳ ತಗೊಂಡಿದ್ದೀನಿ. ಹಿಂದೆ ಒಂದು ಕಂಪನಿಯಲ್ಲಿ ನಮ್ಮ ಆ್ಯಪ್‌ನ ಮೀಟಿಂಗಿನಲ್ಲಿ ವಾರವಾರ ಗೋಡೆ ಮೇಲೆ ಒಂದೇ ಗ್ರಾಫ್ ಹಾಕ್ತಿದ್ದರು: ಬಳಸುವವರು ಸರಾಸರಿ ಎಷ್ಟು ನಿಮಿಷ ಒಳಗಿದ್ದರು. ಕೆಲಸ ಬೇಗ ಆಗಲಿ ಅಂತ ಎರಡು ಪರದೆ ಕಮ್ಮಿ ಮಾಡಿದವನಿಗೆ ಶಾಭಾಸ್ ಅನ್ನಲಿಲ್ಲ, ‘ನಿಮಿಷ ಯಾಕೆ ಇಳೀತು?’ ಅಂತ ಕೇಳಿದರು. ಆ ಗ್ರಾಫ್ ನೋಡಿದವನಿಗೆ ರೋಗ್ ಕೋರ್‌ನ ಬಂದೂಕು ಯಾಕೆ ಬಿಸಿಯಾಗುತ್ತೆ ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಬಂದೂಕು ಬಿಸಿಯಾಗದಿದ್ದರೆ ‘ಬೇಗ ತಣ್ಣಗಾಗುವ’ ಬಿಡಿಭಾಗಕ್ಕೆ ಗಿರಾಕಿ ಎಲ್ಲಿಂದ ಬರ್ತಾನೆ? ಮೊದಲು ತೊಂದರೆ ಕೊಡೋದು, ಆಮೇಲೆ ಅದರ ಪರಿಹಾರವನ್ನು ಕಂತಿನಲ್ಲಿ ಕೊಡೋದು. ನಲವತ್ತು ಡಾಲರ್ ಬೆಲೆ ಇಟ್ಟು ಮಾರಿದ ಆಟದೊಳಗೆ ಇದು.

‘ನಿಂದು ಬರೀ ಬಾಲ್ಯದ ಹುಚ್ಚು ಕಣೋ’ ಅಂತಾರೆ. ಈ ಮಾತು ಕೇಳಿದರೆ ಮೈ ಉರಿಯುತ್ತೆ. ಶಾಟರ್ಡ್ ಸೋಲ್ಜರ್ ನಾನು ಆಡಿದ್ದು ಬಿಇ ಮುಗಿಸಿ ಬೆಂಗಳೂರಿಗೆ ಬಂದಮೇಲೆ. ವೇಫಾರ್ವರ್ಡ್‌ನವರು 2007ರಲ್ಲಿ ನಿಂಟೆಂಡೊ ಡಿಎಸ್‌ಗೆ ಮಾಡಿದ ‘ಕಾಂಟ್ರಾ 4’ ಅದಕ್ಕೂ ಆಮೇಲೆ, ಯಾರದೋ ಸೆಕೆಂಡ್‌ಹ್ಯಾಂಡ್ ಯಂತ್ರದಲ್ಲಿ. ಆ ಎರಡರ ಜೊತೆ ನನಗೆ ಬಾಲ್ಯದ ಸಂಬಂಧ ಏನೂ ಇಲ್ಲ. ಎರಡೂ ನೆಟ್ಟಗಿವೆ, ಯಾಕಂದ್ರೆ ಕರಾರು ಮುರಿದಿಲ್ಲ. ಶಾಟರ್ಡ್ ಸೋಲ್ಜರ್ ಎಷ್ಟು ಗುರಿ ಹೊಡೆದಿರಿ ಅಂತ ಶೇಕಡಾ ಲೆಕ್ಕ ಇಟ್ಟು ಅಂಕ ಕೊಡುತ್ತೆ. ಅಳೆಯೋದಾದರೆ ಹೀಗೆ ಅಳೀಬೇಕು, ಆಡಿದ್ದನ್ನು. ಕೂತ ಹೊತ್ತನ್ನಲ್ಲ.

ಕಷ್ಟ ಕಮ್ಮಿಯಾಯ್ತು ಅಂತಲೂ ನನ್ನ ದೂರಲ್ಲ. ಹಾರ್ಡ್ ಕೋರ್‌ನ ಜಪಾನೀ ಪ್ರತಿಯಲ್ಲಿ ಒಂದು ಜೀವಕ್ಕೆ ಮೂರು ಏಟು ತಡೆಯುವ ಶಕ್ತಿ ಇತ್ತು, ಅಮೆರಿಕಕ್ಕೆ ಕಳಿಸುವಾಗ ಒಂದೇ ಏಟು ಮಾಡಿದರು. ಎರಡೂ ಒಳ್ಳೇ ಆಟವೇ. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ, ಅಂತ ಒತ್ತಿದರೆ 30 ಜೀವ ಬರೋದು ಜಗತ್ತಿಗೇ ಗೊತ್ತು. ಅದನ್ನ ಒತ್ತಿದವರನ್ನು ಕಾಂಟ್ರಾ ಯಾವತ್ತೂ ಹೀಯಾಳಿಸಲಿಲ್ಲ. 30 ಜೀವ ತಗೋ, ಆದರೆ ಗುಂಡು ಬಂದಾಗ ನೀನೇ ಹಾರಬೇಕು, ನಿನ್ನ ಬದಲು ಬಿಡಿಭಾಗ ಹಾರೋದಿಲ್ಲ.

ರೋಗ್ ಕೋರ್‌ನಲ್ಲಿ ಒಳ್ಳೇದು ಏನೂ ಇಲ್ಲವಾ ಅಂದ್ರೆ, ಇದೆ. ಬಂದೂಕು ಹಿಡಿದ ಪಾಂಡಾ ಇದೆ. ಟೊಪ್ಪಿ-ಗಿಪ್ಪಿ ಗತ್ತಿನಲ್ಲಿ ಮಾತಾಡುವ ಹುಳುವಿನಂಥ ಅನ್ಯಗ್ರಹದ ಜಂಟಲ್‌ಮನ್ ಇದ್ದಾನೆ. ಈ ತಿಕ್ಕಲುತನ ನಕಾಜಾಟೊದೇ, ಹಾರ್ಡ್ ಕೋರ್‌ನಲ್ಲಿ ತೋಳಮನುಷ್ಯನಿಗೆ ಕಪ್ಪು ಕನ್ನಡಕ ಹಾಕಿಸಿದವನಲ್ಲವಾ. ಅಂಥ ತಲೆಯನ್ನು ತಂದು ಬಿಡಿಭಾಗದ ಪಟ್ಟಿ ಬರೆಯೋಕೆ ಕೂರಿಸಿದರಲ್ಲ ಅಂತ ಹೊಟ್ಟೆ ಉರಿಯುತ್ತೆ.

ತಮಾಷೆ ಅಂದ್ರೆ, ರೋಗ್ ಕೋರ್ ಬರೋಕೆ ಮೂರು ತಿಂಗಳು ಮುಂಚೆ, 2019ರ ಜೂನ್‌ನಲ್ಲಿ, ಕೊನಾಮಿಯೇ ಹಳೇ ಹತ್ತು ಆಟಗಳನ್ನು ಸೇರಿಸಿ ‘ಆ್ಯನಿವರ್ಸರಿ ಕಲೆಕ್ಷನ್’ ಅಂತ ಇಪ್ಪತ್ತು ಡಾಲರಿಗೆ ಬಿಟ್ಟಿತ್ತು. ಹೊಸದರ ಅರ್ಧ ಬೆಲೆ. 2024ರ ಮಾರ್ಚ್‌ನಲ್ಲಿ ವೇಫಾರ್ವರ್ಡ್ ಕೈಗೆ ಕೊಟ್ಟು ‘ಆಪರೇಷನ್ ಗಲೂಗಾ’ ಮಾಡಿಸಿದ್ದಾರೆ. ಅದರಲ್ಲಿ ಒಂದೇ ಏಟು ಬೇಕಾ, ಮೂರ್ನಾಲ್ಕು ಏಟು ತಡೆಯೋ ಹಾಗೆ ಬೇಕಾ ಅಂತ ನಿಮ್ಮನ್ನೇ ಕೇಳ್ತಾರೆ. ತಂಗಿ ಮಗ ತಡೆಯೋದನ್ನ ಆರಿಸಿದ, ನಾನು ಒಂದೇ ಏಟು. ಕಾಡಿನ ಕೊನೆಯ ಗೋಡೆ ಒಡೆಯೋವರೆಗೂ ಬಟನ್ ಮೇಲಿಂದ ಬೆರಳು ತೆಗೀಲಿಲ್ಲ. ಬಂದೂಕು ನಿಲ್ಲಲಿಲ್ಲ.