ನೀಲಿ ಪರದೆ: ತಪ್ಪು ಯಾರದು?

ಪ್ರಾಜೆಕ್ಟ್ ವರದಿ ಟೈಪ್ ಮಾಡುತ್ತಿರುವಾಗಲೇ ಮನೆಯ ಹಳೆಯ ಕಂಪ್ಯೂಟರ್ ತಟ್ಟನೆ ನಿಂತು ಪರದೆಯೆಲ್ಲ ನೀಲಿಯಾಗುತ್ತದೆ. ‘ಇದು ಹಳೆಯದಾಯಿತು, ಹೊಸದು ಕೊಡಿಸಿ’ ಎನ್ನುತ್ತಾನೆ ಮಗ. ‘ಆಟ ಆಡಿ ಕೆಡಿಸಿದ್ದೀಯ’ ಎನ್ನುತ್ತಾರೆ ಅಪ್ಪ. ‘ಫಾರ್ಮ್ಯಾಟ್ ಮಾಡಿಬಿಡೋಣ’ ಎನ್ನುತ್ತಾರೆ ರಿಪೇರಿಯವರು. ಹಾಗೆ ಮಾಡಿದರೆ ಡಿಸ್ಕಿನಲ್ಲಿರುವ ವರದಿ, ಫೋಟೋಗಳೂ ಅಳಿಸಿಹೋಗುತ್ತವೆ. ಮೊದಲು ತಪ್ಪಿತಸ್ಥರನ್ನು ಪತ್ತೆಹಚ್ಚುವುದು ಮೇಲು.

ಸಾಮಾನ್ಯ ತಂತ್ರಾಂಶ ಎಡವಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಆದರೆ ಕೆಲವು ಆಂಟಿವೈರಸ್‌ಗಳು, ವಿಡಿಯೋ ಕಾರ್ಡಿನ ಡ್ರೈವರ್‌ಗಳು ವಿಂಡೋಸ್‌ನ ತಿರುಳಾದ ‘ಕರ್ನೆಲ್’ನೊಳಗೇ ಕೆಲಸ ಮಾಡುತ್ತವೆ. ಅಲ್ಲಿ ತಪ್ಪಾದರೆ, ಮಾಹಿತಿ ಮತ್ತಷ್ಟು ಕೆಡದಿರಲೆಂದು ವಿಂಡೋಸ್ ತಾನೇ ನಿಂತುಬಿಡುತ್ತದೆ. ನೀಲಿ ಪರದೆಯ ಅರ್ಥ ಇದೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಹೀಗೆ ನಿಂತವು; ವಿಮಾನಯಾನವೂ ಅಸ್ತವ್ಯಸ್ತವಾಯಿತು. ಯಂತ್ರಗಳು ಕೆಟ್ಟಿರಲಿಲ್ಲ.

ಪತ್ತೆ ಹೇಗೆ? ಮೊದಲು ‘ಸೇಫ್ ಮೋಡ್’ಗೆ ಹೋಗಬೇಕು. ವಿಂಡೋಸ್ 7ರಲ್ಲಿ ಕಂಪ್ಯೂಟರ್ ಶುರುವಾಗುತ್ತಿರುವಾಗ ಎಫ್8 ಕೀಲಿ ಒತ್ತಬೇಕು. ವಿಂಡೋಸ್ 10ರಲ್ಲಿ ಶಿಫ್ಟ್ ಕೀಲಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ಮೂಲಕ ಸಾಗಬೇಕು. ಇಲ್ಲಿ ಅತ್ಯಗತ್ಯವಾದವು ಮಾತ್ರ ಓಡುತ್ತವೆ. ಕಡತಗಳನ್ನು ಮೊದಲು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಇಲ್ಲೂ ಯಂತ್ರ ನಿಂತರೆ ರ‍್ಯಾಮ್, ಶಾಖ, ಫ್ಯಾನಿನ ಧೂಳಿನ ಮೇಲೆ ಅನುಮಾನಪಡಬೇಕು. ನಿಲ್ಲದಿದ್ದರೆ, ಅನುಮಾನ ಹೊರಗಿನಿಂದ ಹಾಕಿದ ತಂತ್ರಾಂಶದ ಮೇಲೆ.

ತೊಂದರೆ ಶುರುವಾಗುವ ಮುನ್ನ ಕೊನೆಯದಾಗಿ ಹಾಕಿದ್ದು ಯಾವುದು? ಅದನ್ನು ತೆಗೆದು ನೋಡಿ. ಎರಡು ಆಂಟಿವೈರಸ್ ಇದ್ದರೆ ಒಂದನ್ನು ತೆಗೆಯಿರಿ. ಆಗಲೂ ಸರಿಹೋಗದಿದ್ದರೆ, ಕಂಪ್ಯೂಟರ್ ಶುರುವಾದಾಗ ತಾವಾಗಿಯೇ ಓಡುವ ತಂತ್ರಾಂಶಗಳಲ್ಲಿ ಅರ್ಧದಷ್ಟನ್ನು ‘ಎಂಎಸ್‌ಕಾನ್ಫಿಗ್’ನಲ್ಲಿ ನಿಲ್ಲಿಸಿ, ಎಂದಿನಂತೆ ಬಳಸಿ ನೋಡಿ, ಮೈಕ್ರೋಸಾಫ್ಟ್‌ನ ಸೇವೆಗಳನ್ನು ಮಾತ್ರ ಮುಟ್ಟಬೇಡಿ. ತೊಂದರೆ ನಿಂತರೆ ತಪ್ಪಿತಸ್ಥ ನಿಲ್ಲಿಸಿದ ಅರ್ಧದಲ್ಲಿದೆ. ಮುಂದುವರಿದರೆ ಓಡುತ್ತಿರುವ ಅರ್ಧದಲ್ಲಿದೆ. ಆ ಗುಂಪನ್ನು ಮತ್ತೆ ಅರ್ಧ ಮಾಡಿ. ತಪ್ಪಿತಸ್ಥ ಒಂದೇ ಆಗಿದ್ದರೆ, 16 ತಂತ್ರಾಂಶಗಳಿದ್ದರೂ 8, 4, 2, 1 ಎಂದು ನಾಲ್ಕೇ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಪ್ರಯೋಗಾಲಯದ ನಿಯಮವೂ ಇದೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿಯೊಂದಕ್ಕೂ ಟಿಪ್ಪಣಿ. ಅಪ್ಪ, ಮಗ ಜೊತೆಗೆ ಕುಳಿತು ಈ ಪ್ರಯೋಗ ಮಾಡಿದರೆ ವರದಿಯೂ ಉಳಿಯುತ್ತದೆ, ಮನೆಯ ಜಗಳವೂ ಮುಗಿಯುತ್ತದೆ.