ಮಂಗನ ಕಾಯಿಲೆಗೆ ಎರಡು ವರ್ಷದ ಲೆಕ್ಕ ಸಾಲದು

ಪ್ರತಿ ವರ್ಷ ಜೂನ್ ಬಂತೆಂದರೆ ನನ್ನ ಮೊಬೈಲ್‌ಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ‘ಸರ್, ಹೊಸ ಇಂಪ್ಯಾಕ್ಟ್ ಫ್ಯಾಕ್ಟರ್ ಬಂತಾ?’ ಕೇಳುವವರು ವೈದ್ಯರು. ನಾನು ಮುಂಬೈಯ ಒಂದು ವೈದ್ಯಕೀಯ ಕಾಲೇಜಿನ ಗ್ರಂಥಪಾಲಕ. ಊರು ಸಾಗರ ತಾಲ್ಲೂಕು, ಮನೆ ವಿಠ್ಠಲವಾಡಿ. ಬೆಳಿಗ್ಗೆ ಲೋಕಲ್ ಕಲ್ಯಾಣ ದಾಟುವ ಹೊತ್ತಿಗೆ ಕಾಲೂರಲು ಜಾಗವಿರುವುದಿಲ್ಲ. ಆ ನೂಕುನುಗ್ಗಲಲ್ಲೇ ಈ ಪ್ರಶ್ನೆಗೆ ಉತ್ತರ ಕಳಿಸಿದ್ದೂ ಉಂಟು. ಯಾವ ಜರ್ನಲ್‌ಗೆ ಎಷ್ಟು ಅಂಕ ಎಂದು ನೋಡಿ ಪ್ರಬಂಧ ಕಳಿಸುವವರಿದ್ದಾರೆ, ಬಡ್ತಿಯ ಸಂದರ್ಶನಕ್ಕೆ ಅದೇ ಅಂಕ ಬರೆದುಕೊಂಡು ಹೋಗುವವರಿದ್ದಾರೆ. ಆ ಪಟ್ಟಿಗಳನ್ನು ಮಾಡಿಕೊಟ್ಟವರಲ್ಲಿ ನಾನೂ ಒಬ್ಬ. ಹಾಗಾಗಿ ಇಲ್ಲಿ ಬರೆಯುವುದು ಬೇರೆಯವರ ಮೇಲಿನ ದೂರಲ್ಲ.

ಲೆಕ್ಕ ಸರಳ. ಒಂದು ಜರ್ನಲ್ 2022 ಮತ್ತು 2023ರಲ್ಲಿ ಒಟ್ಟು 100 ಪ್ರಬಂಧ ಪ್ರಕಟಿಸಿದೆ, 2024ರಲ್ಲಿ ಬೇರೆ ಬೇರೆ ಲೇಖಕರು ಅವುಗಳನ್ನು 150 ಸಲ ಉಲ್ಲೇಖಿಸಿದರು ಎಂದುಕೊಳ್ಳಿ. ಅದರ 2024ರ ಇಂಪ್ಯಾಕ್ಟ್ ಫ್ಯಾಕ್ಟರ್ 1.5. ಹಳೆಯ ಪ್ರಬಂಧಗಳಿಗೆ ಬಂದ ಉಲ್ಲೇಖ ಇದರಲ್ಲಿ ಲೆಕ್ಕಕ್ಕಿಲ್ಲ. ಇದರ ಹಿಂದಿರುವವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಉಲ್ಲೇಖಗಳ ಸೂಚಿಯ ಕಲ್ಪನೆ ಮುಂದಿಟ್ಟರು. 1970ರ ದಶಕದಿಂದ ಜರ್ನಲ್‌ಗಳ ಅಂಕಪಟ್ಟಿ ಬರತೊಡಗಿತು. ಯಾವ ಜರ್ನಲನ್ನು ಸೂಚಿಗೆ ಸೇರಿಸಬೇಕು, ಗ್ರಂಥಾಲಯ ಯಾವುದಕ್ಕೆ ಚಂದಾ ಕಟ್ಟಬೇಕು ಎಂಬುದಕ್ಕೆ ಅದು ಒದಗುತ್ತಿತ್ತು. ನನ್ನಂಥವರ ಮೇಜಿನ ಮೇಲಿದ್ದ ತಕ್ಕಡಿ ಅದು. ಅದರಲ್ಲಿ ಮನುಷ್ಯರನ್ನು ಕೂರಿಸಿ ತೂಗಿದ್ದು ಆಮೇಲೆ.

ಈ ಅಂಕ ಎಷ್ಟು ಬೇಗ ಏರಿಳಿಯುತ್ತದೆ ಎಂಬುದಕ್ಕೆ ಕೋವಿಡ್ ಕಾಲವೇ ಸಾಕ್ಷಿ. ‘ಲ್ಯಾನ್ಸೆಟ್’ನ ಅಂಕ 2019ರಲ್ಲಿ ಸುಮಾರು 60. 2021ರಲ್ಲಿ 202 ದಾಟಿತು. 2023ರಲ್ಲಿ 98ಕ್ಕೆ ಇಳಿಯಿತು. ಎರಡು ವರ್ಷದಲ್ಲಿ ಆ ಪತ್ರಿಕೆಯ ಗುಣ ಮೂರು ಪಟ್ಟು ಹೆಚ್ಚಲಿಲ್ಲ, ಮುಂದಿನ ಎರಡು ವರ್ಷದಲ್ಲಿ ಅರ್ಧ ಕೆಡಲೂ ಇಲ್ಲ. 2020ರ ಆರಂಭದ ಕೊರೊನಾ ಪ್ರಬಂಧಗಳನ್ನು ಜಗತ್ತೆಲ್ಲ ಉಲ್ಲೇಖಿಸಿತು; ಅವು ಎರಡು ವರ್ಷದ ಕಿಟಕಿಯಿಂದ ಆಚೆ ಸರಿದೊಡನೆ ಅಂಕ ಇಳಿಯಿತು. ಏರಿದ ಅಂಕದಲ್ಲಿ ಕೆಲವೇ ಪ್ರಬಂಧಗಳ ಪಾಲು ದೊಡ್ಡದು. ಆದರೂ ಅದೇ ಸಂಚಿಕೆಯಲ್ಲಿದ್ದ ಉಳಿದ ಲೇಖಕರೆಲ್ಲ ‘202ರ ಜರ್ನಲ್‌ನಲ್ಲಿ ಬರೆದವರು’ ಆದರು.

ಹತ್ತಿರದ ಉದಾಹರಣೆ ನಮ್ಮ ಪರೇಲ್‌ನದು. ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜು ಮತ್ತು ಕೆ.ಇ.ಎಂ. ಆಸ್ಪತ್ರೆಯಿಂದ ಹೊರಡುವ ‘ಜರ್ನಲ್ ಆಫ್ ಪೋಸ್ಟ್‌ಗ್ರಾಜುಯೇಟ್ ಮೆಡಿಸಿನ್’ ಶುರುವಾದದ್ದೂ 1955ರಲ್ಲೇ. 2001ರಿಂದ ಅದನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟರು. ಅದರಿಂದ ಉಲ್ಲೇಖಗಳು ಹೆಚ್ಚಿದವು ಎಂದು ಮುಂಬೈಯವರೇ ಅಧ್ಯಯನ ಮಾಡಿ 2005ರಲ್ಲಿ ಷಿಕಾಗೋದ ಸಮ್ಮೇಳನವೊಂದರಲ್ಲಿ ಮಂಡಿಸಿದರು. ಅಂದರೆ ಮೊದಲು ಕಡಿಮೆ ಉಲ್ಲೇಖ ಬರುತ್ತಿದ್ದುದಕ್ಕೆ ಬರಹ ಕಳಪೆ ಎಂಬುದೊಂದೇ ಅರ್ಥವಲ್ಲ. ಓದಬೇಕಾದವರ ಕೈಗೆ ಅದು ಸಿಗುತ್ತಿರಲಿಲ್ಲ.

ಇನ್ನು ನಮ್ಮೂರ ಕಡೆಯ ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಹಿಂದೆಯೇ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಪತ್ತೆಮಾಡಿದರು. ಮಂಗನ ಕಾಯಿಲೆಯ ಆ ಮೊದಲ ವರದಿಗಳು ಅದೇ ವರ್ಷ ಪ್ರಕಟವಾದದ್ದು ಮುಂಬೈಯಿಂದ ಹೊರಡುತ್ತಿದ್ದ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್’ನಲ್ಲಿ. ಇಂದಿನ ಲೆಕ್ಕ ಅಂದೇ ಇದ್ದಿದ್ದರೆ, 1959ರ ನಂತರ ಆ ವರದಿಗಳಿಗೆ ಬಂದ ಒಂದು ಉಲ್ಲೇಖವೂ ಜರ್ನಲ್‌ನ ಅಂಕಕ್ಕೆ ಸೇರುತ್ತಿರಲಿಲ್ಲ. ಆದರೆ ಈ ರೋಗದ ಬಗ್ಗೆ ಬರೆಯುವವರು ಇವತ್ತಿಗೂ ಅಲ್ಲಿಂದಲೇ ಆರಂಭಿಸುತ್ತಾರೆ. ಲಸಿಕೆಯ ವಿಷಯವೂ ಹಾಗೆಯೇ. ಕರ್ನಾಟಕದ ಆರೋಗ್ಯಾಧಿಕಾರಿಗಳೂ ಸೇರಿ 2005–10ರ ಅಂಕಿಅಂಶ ಪರಿಶೀಲಿಸಿ, ಲಸಿಕೆಯ ಪರಿಣಾಮ ಹಿಂದೆ ಹೇಳಿದ್ದಕ್ಕಿಂತ ಕಡಿಮೆ ಎಂದು 2013ರಲ್ಲಿ ಬರೆದರು. 2022ರಲ್ಲಿ ಆ ಲಸಿಕೆಯ ಬಳಕೆ ನಿಂತಿತು. ಮಲೆನಾಡಿನ ಮನೆಮನೆಗೆ ಸಂಬಂಧಿಸಿದ ವಿಷಯ ಇದು. ಆದರೆ ಈ ರೋಗದ ಮೇಲೆ ಕೆಲಸ ಮಾಡುವವರೇ ಬೆರಳೆಣಿಕೆಯಷ್ಟು. ಬರೆಯುವವರು ಕಡಿಮೆಯಾದರೆ ಉಲ್ಲೇಖಿಸುವವರೂ ಕಡಿಮೆ.

2019ರಲ್ಲಿ ಸಾಗರದ ಅರಳಗೋಡು ಕಡೆ ಮಂಗನ ಕಾಯಿಲೆಗೆ ಸಾವುಗಳಾದ ವರ್ಷ, ನಮ್ಮ ಕಡೆಯವರೇ ಆದ ಒಬ್ಬ ಯುವ ವೈದ್ಯೆ ಗ್ರಂಥಾಲಯಕ್ಕೆ ಬಂದರು. ಕಾಯಿಲೆ ಅಷ್ಟರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗಕ್ಕೂ ಹಬ್ಬಿತ್ತು. ಅಲ್ಲಿಯ ಗೇರುತೋಟದ ಕೂಲಿಯವರಿಗೆ ಜ್ವರ ಬಂದ ಮೇಲೆ ರೋಗ ಪತ್ತೆಯಾಗಲು ಎಷ್ಟು ದಿನ ಹಿಡಿಯುತ್ತದೆ, ಎಲ್ಲಿ ತಡವಾಗುತ್ತದೆ ಎಂದು ಅಧ್ಯಯನ ಮಾಡಬೇಕೆಂಬುದು ಅವರ ಆಸೆ. ಯಾವ ಜರ್ನಲ್‌ಗೆ ಕಳಿಸಬಹುದು ಎಂದು ಕೇಳಿದರು. ನಾನು ಕಂಪ್ಯೂಟರ್ ನೋಡಿ, ‘ಡಾಕ್ಟ್ರೇ, ಇದಕ್ಕೆ ಉಲ್ಲೇಖ ಬರೋದು ಕಷ್ಟ. ದೊಡ್ಡ ಜರ್ನಲ್‌ನವರು ಸ್ಥಳೀಯ ವಿಷಯ ಅಂತಾರೆ. ಬಡ್ತಿ ಹತ್ತಿರ ಇದೆ, ಬೇರೆ ವಿಷಯ ನೋಡಿ’ ಎಂದೆ.

‘ಸಾಗರದವರಾಗಿ ನೀವೇ ಹೀಗೆ ಹೇಳ್ತೀರಲ್ಲ ಸರ್’ ಎಂದು ನಕ್ಕರು. ವಾದ ಮಾಡಲಿಲ್ಲ. ಮುಂದಿನ ವರ್ಷ ಕೋವಿಡ್ ಬಂತು. ಹಲವರು ಸೇರಿ ಬರೆದ ಒಂದು ಸಮೀಕ್ಷೆಯಲ್ಲಿ ಅವರ ಹೆಸರೂ ಬಂತು, ಉಲ್ಲೇಖಗಳು ಬಂದವು, ಬಡ್ತಿಯೂ ಆಯಿತು. ಅದರಲ್ಲಿ ಅವರ ತಪ್ಪೇನೂ ಇಲ್ಲ. ಗೇರುತೋಟದ ಅಧ್ಯಯನ ಮಾತ್ರ ಆಗಲೇ ಇಲ್ಲ. ನಾನು ಕೊಟ್ಟದ್ದು ಲೆಕ್ಕದ ಪ್ರಕಾರ ಸರಿಯಾದ ಸಲಹೆ. ಅದೇ ನನ್ನನ್ನು ಈಗಲೂ ಕಾಡುವುದು.

ಈ ಲೆಕ್ಕದ ದೋಷ ಗೊತ್ತಿಲ್ಲದ್ದೇನಲ್ಲ. ಜರ್ನಲ್‌ನ ಅಂಕವನ್ನು ನೇಮಕಾತಿಗೆ, ಬಡ್ತಿಗೆ ಅಳತೆಗೋಲಾಗಿ ಬಳಸಬೇಡಿ ಎಂದು 2012ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು, ವಿಜ್ಞಾನಿಗಳು ಘೋಷಣೆ ರೂಪಿಸಿದರು. ಅಂಕ ಕೊಡುವವರೂ ಬದಲಾಗಿದ್ದಾರೆ. ಮೊದಲು ದಶಾಂಶದ ನಂತರ ಮೂರು ಅಂಕಿ ಬರೆಯುತ್ತಿದ್ದರು, 2023ರಿಂದ ಒಂದೇ. 2025ರಿಂದ, ಹಿಂಪಡೆದ ಪ್ರಬಂಧಗಳಿಗೆ ಬಂದ ಮತ್ತು ಅವುಗಳಿಂದ ಹೋದ ಉಲ್ಲೇಖಗಳನ್ನು ಅಂಕಕ್ಕೆ ಎಣಿಸುತ್ತಿಲ್ಲ. ಬದಲಾಗದಿರುವುದು ಸಂದರ್ಶನದ ಕೊಠಡಿಯಲ್ಲಿ ಕೂತವರ ಅಭ್ಯಾಸ. ಪ್ರಬಂಧ ಓದಲು ಅರ್ಧ ಗಂಟೆ ಬೇಕು, ಅಂಕ ನೋಡಲು ಅರೆಕ್ಷಣ ಸಾಕು.

ಹಾಗೆಂದು ಅಂಕಗಳನ್ನೆಲ್ಲ ಎಸೆಯಬೇಕೆಂದು ನಾನು ಹೇಳುವುದಿಲ್ಲ. ದುಡ್ಡು ತೆಗೆದುಕೊಂಡು ಏನನ್ನಾದರೂ ಅಚ್ಚುಹಾಕುವ ನಕಲಿ ಜರ್ನಲ್‌ಗಳ ಕಾಲ ಇದು. ಒಂದು ಜರಡಿ ಬೇಕೇ ಬೇಕು. ಆದರೆ ಜರ್ನಲ್ ಅಸಲಿಯೋ ನಕಲಿಯೋ ಎಂದು ತಿಳಿಯುವುದು ಬೇರೆ, ಅದರಲ್ಲಿ ಬರೆದವರ ಯೋಗ್ಯತೆ ಅಳೆಯುವುದು ಬೇರೆ. ಬಡ್ತಿ ಸಮಿತಿಗಳು ಅಭ್ಯರ್ಥಿಯಿಂದ ಉದ್ದ ಪಟ್ಟಿಯ ಬದಲು ಅವರೇ ಆರಿಸಿದ ಮೂರು ಪ್ರಬಂಧ ಕೇಳಲಿ. ಅದನ್ನು ಓದಿ, ‘ಇದರಿಂದ ಯಾವ ಆಸ್ಪತ್ರೆಯಲ್ಲಿ, ಯಾವ ಊರಲ್ಲಿ ಏನು ಬದಲಾಯಿತು?’ ಎಂದು ಪ್ರಶ್ನಿಸಲಿ.

ನನ್ನ ಕೈಯಲ್ಲಿರುವಷ್ಟನ್ನು ನಾನು ಬದಲಿಸಿಕೊಂಡಿದ್ದೇನೆ. ಅಂಕ ಕೇಳಿದವರಿಗೆ ಈಗ ಬರೀ ಅಂಕ ಕೊಡುವುದಿಲ್ಲ. ಅದೇ ಜರ್ನಲ್‌ನ ಹತ್ತು ವರ್ಷದ ಏರಿಳಿತ, ಅವರ ಪ್ರಬಂಧವನ್ನು ಯಾರು ಯಾವ ಕೆಲಸಕ್ಕೆ ಉಲ್ಲೇಖಿಸಿದ್ದಾರೆ ಎಂಬುದನ್ನೂ ಒಂದು ಪುಟದಲ್ಲಿ ಬರೆದುಕೊಡುತ್ತೇನೆ. ಕೆಲವರು ಆ ಪುಟ ಮಡಚಿಟ್ಟು ‘ಅಂಕ ಎಷ್ಟು ಹೇಳಿ ಸಾಕು’ ಎನ್ನುತ್ತಾರೆ. ಇರಲಿ.

ಕಳೆದ ದೀಪಾವಳಿಗೆ ಊರಿಗೆ ಹೊರಡುವ ಮುನ್ನ ಆ ವೈದ್ಯೆಗೆ ಫೋನ್ ಮಾಡಿ, ಹಳೆಯ ಅಧ್ಯಯನದ ಕಾಗದಗಳು ಇವೆಯೇ ಎಂದು ಕೇಳಿದೆ. ‘ಇವೆ ಸರ್, ಯಾವ ಜರ್ನಲ್‌ಗೆ?’ ಎಂದರು. ಮೊದಲು ಅಧ್ಯಯನ ಮಾಡಿ, ಜರ್ನಲ್ ಆಮೇಲೆ ನೋಡೋಣ ಎಂದಿದ್ದೇನೆ.