ಕೇಸು ಮದುವೆಯಾದ ಮೇಲೆ. ನೆರವು ಮದುವೆಗೆ ಮೊದಲೇ ಬೇಕು



2025ರ ಮಾರ್ಚ್‌ನಲ್ಲಿ ಅಂಚೆಟ್ಟಿ ಬಳಿಯ ಬೆಟ್ಟದ ಹಳ್ಳಿಯ 14 ವರ್ಷದ ಹುಡುಗಿಯನ್ನು ಬೆಂಗಳೂರಿಗೆ ಕರೆದೊಯ್ದು ಮದುವೆ ಮಾಡಿದರು. ಅಳುತ್ತಿದ್ದ ಅವಳನ್ನು ಹೊತ್ತೊಯ್ಯುವ ವಿಡಿಯೋ ಎಲ್ಲೆಡೆ ಹರಿದಾಡಿದ ಮೇಲೆ ಬಂಧನಗಳಾದವು. ಅವಳು ಏಳನೇ ತರಗತಿಗೇ ಶಾಲೆ ಬಿಟ್ಟಿದ್ದಳು. ಶಾಲೆ ಬಿಟ್ಟ ದಿನವೇ ಯಾರಾದರೂ ಆ ಮನೆಯ ಬಾಗಿಲು ತಟ್ಟಿದ್ದರೆ?

ಇಂಥ ಮಕ್ಕಳ ರಕ್ಷಣೆಗೆ ನಮ್ಮ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು ಪೊಲೀಸ್ ಕೇಸು. ಅದು ಬೇಕೇ ಬೇಕು, ಆದರೆ ಸಾಮಾನ್ಯವಾಗಿ ತಡವಾಗಿ ಬರುತ್ತದೆ. ಗಡಿಯ ಎರಡು ಕಡೆ ಕಾನೂನೂ ಒಂದೇ ಅಲ್ಲ. ಕರ್ನಾಟಕದ ತಿದ್ದುಪಡಿಯಂತೆ ಅಲ್ಲಿ ನಡೆದ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ತಮಿಳುನಾಡಿನಲ್ಲಿ 2006ರ ಕೇಂದ್ರ ಕಾಯ್ದೆಯಂತೆ ಅದು ಅಪರಾಧವೇ ಆದರೂ, ಬಲವಂತ, ಸಾಗಣೆಯಂಥ ಪ್ರಕರಣಗಳನ್ನು ಬಿಟ್ಟರೆ, ರದ್ದಾಗಲು ಕೋರ್ಟಿಗೆ ಅರ್ಜಿ ಹಾಕಬೇಕು. ಹುಡುಗಿಗೆ 20 ತುಂಬುವುದರೊಳಗೆ ಆ ಅರ್ಜಿ ಹೋಗಬೇಕು. ಗಂಡನ ಮನೆಯಲ್ಲಿರುವ ಹುಡುಗಿ ಕೋರ್ಟಿನ ಮೆಟ್ಟಿಲು ಹತ್ತುವುದು ಸುಲಭವೇ?

ಎರಡನೆಯದು ಮಗುವನ್ನು ಸರ್ಕಾರಿ ಪಾಲನಾ ಗೃಹಕ್ಕೆ ಸೇರಿಸುವುದು. ಮನೆಯಲ್ಲೇ ಅಪಾಯವಿದ್ದರೆ ಬೇರೆ ದಾರಿಯಿಲ್ಲ. ಆದರೆ 2015ರ ಬಾಲನ್ಯಾಯ ಕಾಯ್ದೆಯೇ ಇದನ್ನು ಕೊನೆಯ ಉಪಾಯ ಎನ್ನುತ್ತದೆ. ಮನೆಯಲ್ಲಿ ಕನ್ನಡವಾಡುವ ಮಗುವಿಗೆ ಊರು, ಬಳಗ, ಭಾಷೆ ಒಟ್ಟಿಗೇ ದೂರವಾಗುತ್ತವೆ.

ಮೂರನೆಯದು ಕುಟುಂಬಕ್ಕೇ ಆಸರೆ ಕೊಡುವುದು. ಮದುವೆಯ ಅಪಾಯದಲ್ಲಿರುವ ಮಗುವೂ ಇದೇ ಕಾಯ್ದೆಯಂತೆ ರಕ್ಷಣೆ ಬೇಕಾದ ಮಗು. ಮದುವೆಗೆ ಮೊದಲೇ ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ಗಮನಕ್ಕೆ ತರಬಹುದು. ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವ ಯೋಜನೆಯಲ್ಲಿ ಅರ್ಹ ಮಗುವಿಗೆ ತಿಂಗಳಿಗೆ 4,000 ರೂ. ಸಿಗುತ್ತದೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂ., ಪಟ್ಟಣದಲ್ಲಿ 96,000 ರೂ. ಮೀರಿರಬಾರದು. ತಮಿಳುನಾಡು ಸರ್ಕಾರವೂ ಮದುವೆಗೆ ಚಿನ್ನ ಕೊಡುತ್ತಿದ್ದ ಹಳೆಯ ಯೋಜನೆಯನ್ನು 2022ರಲ್ಲಿ 'ಪುದುಮೈ ಪೆಣ್' ಆಗಿ ಬದಲಿಸಿತು. ಸರ್ಕಾರಿ ಶಾಲೆಯಲ್ಲಿ ಓದಿ ಕಾಲೇಜು ಸೇರಿದ ಹುಡುಗಿಗೆ ತಿಂಗಳಿಗೆ 1,000 ರೂ. ಮದುವೆಯ ದುಡ್ಡು ಓದಿನ ದುಡ್ಡಾಯಿತು.

ನಮ್ಮ ಅಭಿಪ್ರಾಯದಲ್ಲಿ ಮೂರನೆಯ ದಾರಿಯೇ ಮೇಲು. ಅದಕ್ಕೂ ಕೊರತೆಯಿದೆ: ಏಳನೇ ತರಗತಿಗೇ ಶಾಲೆ ಬಿಟ್ಟವಳಿಗೆ ಕಾಲೇಜಿನ ಹಣ ತಲುಪುವುದಿಲ್ಲ. ಪ್ರಾಯೋಜಕತ್ವಕ್ಕೆ ಅರ್ಜಿ, ಆದಾಯ ಪತ್ರ, ಬ್ಯಾಂಕ್ ಖಾತೆ ಬೇಕು. ಬೆಟ್ಟದ ಹಳ್ಳಿಯ ಕೂಲಿ ತಾಯಿಗೆ ಕೃಷ್ಣಗಿರಿಯ ಕಚೇರಿ ದೂರ, ತಮಿಳಿನ ಅರ್ಜಿ ಇನ್ನೂ ದೂರ.

ಇಲ್ಲಿ ನಾವು ಉಪಯೋಗಕ್ಕೆ ಬರಬಹುದು. ಹೊಸೂರು, ತಳಿ, ಡೆಂಕಣಿಕೋಟೆ, ಕೆಲಮಂಗಲದ ಸದಸ್ಯರು ತಮ್ಮ ಬೀದಿಯಲ್ಲಿ ಶಾಲೆ ಬಿಟ್ಟ ಹೆಣ್ಣುಮಗುವಿದ್ದರೆ ಮೊದಲು ಆ ಮನೆಗೆ ಹೋಗಿ ಮಾತಾಡಿ, ಅರ್ಜಿ ಬರೆದುಕೊಡಿ. ಮದುವೆ ನಿಶ್ಚಯವಾದ ಸುದ್ದಿ ಬಂದರೆ ಕಾಯಬೇಡಿ, 1098ಕ್ಕೆ ಕರೆ ಮಾಡಿ. ಊರಿನವರ ನಿಷ್ಠುರ ನಾಲ್ಕು ದಿನದ್ದು, ಮಗುವಿನ ಬದುಕು ದೊಡ್ಡದು.